ಹಿಂದಿನ ಸೀಟಿನವಳು

ಅವನು ಮೊದಲ ಸಲ ಮನೆಗೆ ಬಂದಾಗ ಅವಳು ಅವನನ್ನು ಸೈಕಲ್ ಕಳ್ಳ ಅಂದುಕೊಂಡಳು. ತಪ್ಪು ಪೂರ್ತಿ ಅವಳದೇನಲ್ಲ.

ಭಾನುವಾರದ ಬೆಳಗು. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಅಂಗಾಲಿಗೆ ಕಲ್ಲು ತಣ್ಣಗೆ ತಾಗುತ್ತಿತ್ತು. ಮನೆಯ ಪಕ್ಕದ ಶೆಡ್ಡಿನಿಂದ ಚೈನು ಕಿರ್ರೆನ್ನುವ ಸದ್ದು ಬಂತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಅದು ಅವಳ ಜೋಡಿ ಸೈಕಲ್ಲು. ಮುಂದೊಂದು ಸೀಟು, ಹಿಂದೊಂದು ಸೀಟು, ಎರಡು ಜೊತೆ ಪೆಡಲ್, ಜಲ್ಲಿ ರಸ್ತೆಗೆಂದೇ ಹಾಕಿಸಿದ ದಪ್ಪ ಟಯರು. ಅದನ್ನು ಮುಟ್ಟುವ ಹಕ್ಕಿದ್ದ ಇನ್ನೊಬ್ಬನೆಂದರೆ ಅಣ್ಣ. ಅವನು ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಸೋಫಾದ ಮೇಲೆ ಕಾಲು ಚಾಚಿದ್ದ.

ಅವಳು ಬಿಳಿ ಕೋಲನ್ನು ಗೋಡೆಗೆ ತಾಗಿಸಿಕೊಳ್ಳುತ್ತ ಸರಸರನೆ ಹೋಗಿ ಹಿಂದಿನ ಚಕ್ರವನ್ನು ಹಿಡಿದೇ ಬಿಟ್ಟಳು. ಯಾರು ಎಂದು ಕೇಳಿದಳು. ಉತ್ತರವಿಲ್ಲ. ಅಣ್ಣ ಕಳಿಸಿದವರಾ ಎಂದು ಕೇಳಿದಳು. ಅದಕ್ಕೂ ಇಲ್ಲ. ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆ, ಉಸಿರಾಡುತ್ತಿದ್ದಾನೆ, ಮೈಯಿಂದ ಸೋಪಿನ ವಾಸನೆ ಬರುತ್ತಿದೆ. ಬಾಯಿ ಮಾತ್ರ ಹೊಲಿದ ಹಾಗಿದೆ. ಸ್ನಾನ ಮಾಡಿಕೊಂಡು ಬರುವ ಕಳ್ಳನ ವಿಚಾರ ಅವಳು ಎಂದೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅತ್ತಿಗೆಯ ನಗು ಕೇಳಿಸಿತು.

"ಪಾಪ, ಅವರು ಆಗಿಂದ ತಲೆ ಆಡಿಸ್ತಾನೇ ಇದಾರೆ ಕಣೇ. ಇನ್ನೊಂದ್ಸಲ ಕೇಳಿದ್ರೆ ಕತ್ತೇ ಕಳಚಿ ಬೀಳತ್ತೆ."

"ಹೌದು," ಎಂದಿತು ಆಗ ಒಂದು ಗಂಡು ದನಿ, ತೀರಾ ಮೆಲ್ಲಗೆ. "ಅಣ್ಣ ಕಳಿಸಿದವನೇ."

ಹೀಗೆ ಶುರುವಾಯಿತು.

ಅವಳು ಫಿಸಿಯೋಥೆರಪಿಸ್ಟ್. ಪೇಟೆ ಬೀದಿಯಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕ್ಲಿನಿಕ್ಕು: ಎರಡು ಮಂಚ, ಒಂದು ಪರದೆ, ಗೋಡೆಗೆ ಬಿಗಿದ ಹಿಡಿಕಂಬಿ. ಸೆಟೆದ ಕತ್ತು, ಉಳುಕಿದ ಸೊಂಟ, ಎತ್ತಲಾಗದ ತೋಳುಗಳು ಮೆಟ್ಟಿಲು ಹತ್ತಿ ಅವಳ ಬಳಿ ಬರುತ್ತಿದ್ದವು. ಮನುಷ್ಯ ಬಾಯಲ್ಲಿ ಹೇಳದ್ದನ್ನು ಅವನ ಹೆಗಲು ಹೇಳುತ್ತದೆ ಎಂಬುದು ಅವಳ ಅನುಭವ.

ಕಣ್ಣು ಹೋದದ್ದು ಒಂದೇ ದಿನದಲ್ಲಲ್ಲ. ಕಾಲೇಜಿನ ದಿನಗಳಲ್ಲಿ ಅಂಚಿನಿಂದ ಶುರುವಾಗಿ, ಯಾರೋ ನಿಧಾನಕ್ಕೆ ಬಾಗಿಲು ಮುಂದೆ ಮಾಡಿಕೊಳ್ಳುತ್ತ ಬಂದ ಹಾಗೆ ಬೆಳಕು ಕಿರಿದಾಗುತ್ತ ಹೋಯಿತು. ಆ ಕಾಲದಿಂದಲೇ ಮನೆಯವರಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಅವಳಿಗೆ ಒಳ್ಳೆಯ ಸುದ್ದಿಯನ್ನು ಮಾತ್ರ ಹೇಳುವುದು. ಡಾಕ್ಟರು ಕೈಚೆಲ್ಲಿದ್ದನ್ನು ಹೇಳಲಿಲ್ಲ. ಮುದಿ ನಾಯಿ ಸತ್ತದ್ದನ್ನು ತಿಂಗಳಾನುಗಟ್ಟಲೆ ಹೇಳಲಿಲ್ಲ. ಯಾರೋ ಸಾಕಲು ಒಯ್ದರು ಎಂದರು. ಮಾಸಿದ ಬಟ್ಟೆಗೂ ಅಣ್ಣ ಹೊಸದರ ಹಾಗಿದೆ ಎನ್ನುತ್ತಿದ್ದ. ಇದಕ್ಕೆ ಹೊರತಾಗಿ ಬಂದವಳು ಅತ್ತಿಗೆ ಒಬ್ಬಳೇ. ಮದುವೆಯಾಗಿ ಬಂದ ವಾರದಲ್ಲೇ, ಆ ಅಂಗಿಯ ಬಣ್ಣ ಹೋಗಿದೆ, ಒರೆಸುವ ಬಟ್ಟೆ ಮಾಡೋಣ ಎಂದಳು. ಅವತ್ತಿನಿಂದ ನಾದಿನಿ ಅತ್ತಿಗೆಯರಿಗೆ ಭಾರಿ ಒಗ್ಗಿತು.

ಭಾನುವಾರದ ಸೈಕಲ್ಲು ಅಣ್ಣ ಹಚ್ಚಿದ ರುಚಿ. ವಾರಪೂರ್ತಿ ನಾಲ್ಕು ಗೋಡೆಯೊಳಗೆ ಇರುವವಳಿಗೆ ಹೊಳೆದಂಡೆಯ ಜಲ್ಲಿ ದಾರಿಯಲ್ಲಿ ಗಾಳಿ ಸೀಳಿಕೊಂಡು ಹೋಗುವುದೆಂದರೆ ಎರಡನೆಯ ಉಸಿರು. ಆದರೆ ಅಣ್ಣ ಆಫೀಸಿನ ಹುಡುಗರ ಜೊತೆ ವಯಸ್ಸು ಮರೆತು ಫುಟ್‌ಬಾಲ್ ಆಡಿ ಮಂಡಿ ತಿರುಚಿಕೊಂಡ. ತನ್ನ ಬದಲು ಗೆಳೆಯನೊಬ್ಬನನ್ನು ಕಳಿಸಿದ. ಗೆಳೆಯ ನಗರದ ಬಸ್ಸಿನ ಡ್ರೈವರ್. ರಜೆಯ ದಿನ ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್ಲು ಹತ್ತಿ ಒಬ್ಬನೇ ಕಣಿವೆ ಸುತ್ತುವ ಆಸಾಮಿ. ಮಾತು ಕಡಿಮೆ ಎಂದು ಅಣ್ಣ ಎಚ್ಚರಿಸಿದ್ದ. ಇಷ್ಟು ಕಡಿಮೆ ಎಂದು ಹೇಳಿರಲಿಲ್ಲ.

ಮೊದಲ ಭಾನುವಾರ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಾಯಿತು. ಅವನು ಪೆಡಲ್ ನಿಲ್ಲಿಸಿದಾಗ ಅವಳು ತುಳಿಯುತ್ತಿದ್ದಳು. ಅವನು ಗೇರ್ ಬದಲಿಸಿದಾಗ ಅವಳ ಮೊಣಕಾಲು ಜರ್ಕ್ ಹೊಡೆಯಿತು. ಗುಂಡಿ ಬಂದರೆ ಮೊದಲು ಹೇಳಬೇಕು, ಬ್ರೇಕ್ ಹಿಡಿಯುವ ಮುಂಚೆ ಹೇಳಬೇಕು, ತಿರುವು, ಏರು, ಸಡಿಲ ಜಲ್ಲಿ, ಎಲ್ಲವನ್ನೂ ಹೇಳಬೇಕು ಎಂದು ಅವಳು ಪಾಠ ಮಾಡಿದಳು. ಮುಂದಿನ ಸೀಟಿನವನಿಗೆ ಕೈಕಾಲಿಗಿಂತ ಬಾಯಿ ಮುಖ್ಯ ಎಂದಳು.

ಅವನಿಗೆ ಗೊತ್ತಿದ್ದದ್ದು ಒಂದೇ ಬಗೆಯ ಘೋಷಣೆ.

"ಮುಂದಿನ ನಿಲ್ದಾಣ, ಗುಂಡಿ," ಎಂದ. ಸ್ವಲ್ಪ ಹೊತ್ತಿಗೆ, "ಎಡಗಡೆ ತಿರುವು. ಇಳಿಯೋರು ಯಾರೂ ಇಲ್ಲ."

ಹಿಂದಿನ ಸೀಟಿನಲ್ಲಿ ಅವಳು ನಕ್ಕ ರಭಸಕ್ಕೆ ಸೈಕಲ್ಲೇ ಅಲ್ಲಾಡಿತು.

ದಾರಿ ಹೇಳುವುದು ಬೇಗ ಕೈಗೆ ಹತ್ತಿತು. ನೋಟ ಹೇಳುವುದು ಹತ್ತಲಿಲ್ಲ. ಬಲಕ್ಕೆ ಹೊಲ ಎನ್ನುವನು. ಎಂಥ ಹೊಲ ಎಂದರೆ, ಹಸಿರು ಹೊಲ. ಎಂಥ ಹಸಿರು ಎಂದು ಅವಳು ಬಿಡದೆ ಕೇಳುವಳು. ಅವಳು ಬಣ್ಣಗಳನ್ನು ಕಂಡು ಕಳೆದುಕೊಂಡವಳು, ಒಂದೊಂದೂ ನೆನಪಿನಲ್ಲಿತ್ತು. ಅವನು ಬಹಳ ಹೊತ್ತು ಯೋಚಿಸಿ, ಹಳೇ ಬಸ್ಸಿನ ಸೀಟಿನ ಹಸಿರು ಎನ್ನುವನು. ಮೋಡ ಹೇಗಿದೆ ಎಂದರೆ, ಗ್ಯಾರೇಜಿನ ನೆಲದ ಹಾಗೆ. ಹೊಳೆ ಹೇಗಿದೆ ಎಂದರೆ, ತೊಳೆದು ಒರೆಸದೆ ಬಿಟ್ಟ ಗಾಜಿನ ಹಾಗೆ. ಬೇರೆಯವರು ಕೇಳಿದ್ದರೆ ನಗುತ್ತಿದ್ದರೇನೋ. ಅವಳಿಗೆ ಮಾತ್ರ ಒರೆಸದ ಗಾಜು ಥಟ್ಟನೆ ಕಂಡಿತು. ಅದರ ಮೇಲೆ ನೀರಿನ ಗೆರೆಗಳೂ ಕಂಡವು.

ಹೀಗೆ ಭಾನುವಾರಗಳು ಉರುಳಿದವು. ಹೊಳೆದಂಡೆಯ ದಾರಿ, ಗಿರಣಿಯ ಹಿಂದಿನ ಏರು, ಗಿಡಬೇಲಿಗಳ ನಡುವಿನ ಓಣಿಗಳು. ಬೇಲಿ ಹತ್ತಿರ ಬಂದರೆ ಟಯರಿನ ಸದ್ದು ದಪ್ಪವಾಗಿ ತಿರುಗಿ ಬರುತ್ತಿತ್ತು. ಬೇಲಿಯಲ್ಲಿ ಕಂಡಿ ಬಂದಾಗ ಕ್ಷಣಕಾಲ ತೆಳ್ಳಗಾಗುತ್ತಿತ್ತು. ಎಲೆಯ ತಂಪು ಒಂದು ಕೆನ್ನೆಗೆ, ಬಿಸಿಲು ಇನ್ನೊಂದಕ್ಕೆ. ಮುಂದೆ ಅವನ ಬೆನ್ನು. ಅದು ಗಾಳಿಯನ್ನು ಹೇಗೆ ಒಡೆಯುತ್ತದೆ, ಏರಿನಲ್ಲಿ ಎಷ್ಟು ಬಾಗುತ್ತದೆ, ದಣಿದಾಗ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೆಲ್ಲ ಅವಳಿಗೆ ತಿಳಿಯತೊಡಗಿತು. ತಿಳಿಯಲಿ ಎಂದು ಅವಳು ಕಾಯತೊಡಗಿದಳು.

ಇನ್ನೊಂದು ಸಂಗತಿಯೂ ತಿಳಿಯಿತು. ನೇರ ದಾರಿಯಲ್ಲಿ ಸೈಕಲ್ಲು ಕೆಲವೊಮ್ಮೆ ಕಾರಣವಿಲ್ಲದೆ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತಿತ್ತು. ಗುಂಡಿಯಿಲ್ಲ, ಕಲ್ಲಿಲ್ಲ. ಆಮೇಲೆ ಮೆಲ್ಲಗೆ ಸರಿಹೋಗುತ್ತಿತ್ತು. ಅವಳು ಕೆಲವು ಸಲ ಸುಮ್ಮನಿದ್ದಳು, ಅದು ಏನೆಂದು ಖಾತ್ರಿ ಮಾಡಿಕೊಂಡಳು, ಆಮೇಲೆ ಒಂದು ದಿನ ಕೇಳಿಯೇ ಬಿಟ್ಟಳು.

"ಡ್ರೈವರ್ರೇ, ಮುಂದೆ ನೋಡಿಕೊಂಡು ಓಡ್ಸಿ."

"ಮುಂದೇನೇ ನೋಡ್ತಾ ಇದೀನಿ."

"ನಿಮ್ಮ ಹ್ಯಾಂಡಲ್ ಹಾಗೆ ಹೇಳ್ತಾ ಇಲ್ಲ."

ಮುಂದಿನ ಸೀಟಿನಿಂದ ಒಂದು ಬಿಸಿ ಅಲೆ ಹಿಂದಕ್ಕೆ ಬಂದ ಹಾಗೆ ಅವಳಿಗೆ ಅನ್ನಿಸಿತು. ಮನುಷ್ಯನ ಕಿವಿ ಕೆಂಪಾದರೆ ಅದರ ಕಾವು ಇಷ್ಟು ದೂರ ಬರುತ್ತದೆಯೇ ಎಂದು ಅವಳೊಳಗಿನ ಫಿಸಿಯೋ ಅನುಮಾನಪಟ್ಟಳು. ಸ್ವಲ್ಪ ದೂರ ಹೋದ ಮೇಲೆ ಸೈಕಲ್ಲು ಮತ್ತೆ ಎಡಕ್ಕೆ ವಾಲಿತು. ಈ ಸಲ ಅವಳು ಏನೂ ಹೇಳಲಿಲ್ಲ. ಹಣೆಯ ಮೇಲಿನ ಕೂದಲನ್ನು ಹೆಲ್ಮೆಟ್ಟಿನೊಳಗೆ ತೂರಿಸಿಕೊಂಡಳು, ಅಷ್ಟೇ.

ಮತ್ತೊಂದು ದಿನ ಇಳಿಜಾರಿನಲ್ಲಿ ಎಲ್ಲಿಂದಲೋ ಒಂದು ಕುರಿ ಅಡ್ಡ ಬಂತು. "ಬಿಗಿಯಾಗಿ ಹಿಡ್ಕೋ," ಎಂದು ಅವನು ಕೂಗಿದ. ಸೈಕಲ್ಲು ಜಲ್ಲಿಯ ಮೇಲೆ ಜಾರಿ, ಒದ್ದಾಡಿ, ನಿಂತಿತು. ಕುರಿಗೂ ಏನೂ ಆಗಲಿಲ್ಲ, ಇವರಿಗೂ ಆಗಲಿಲ್ಲ. ಮರುಕ್ಷಣವೇ ಅವನು, ಹೆದರಿದ್ರಾ, ಪೆಟ್ಟಾಯ್ತಾ ಎಂದು ಬಹುವಚನಕ್ಕೆ ಮರಳಿದ. ಆದರೆ ಆ ಒಂದು ಏಕವಚನವನ್ನು ಅವಳು ಮನೆಗೆ ಒಯ್ದಳು. ಸೋಮವಾರ ಯಾರದೋ ಸೊಂಟ ಒತ್ತುತ್ತಿರುವಾಗ ನೆನಪಾಗಿ ತುಟಿಯಂಚಿನಲ್ಲಿ ನಕ್ಕಳು. ನೋವಿನಿಂದ ನರಳುತ್ತಿದ್ದ ರೋಗಿಗೆ ಇದು ಸರಿಬೀಳಲಿಲ್ಲ.

ಈ ನಡುವೆ ಅಣ್ಣನ ಮಂಡಿ ವಾಸಿಯಾಯಿತು. ವಾಸಿ ಮಾಡಿದವಳು ಅವಳೇ. ಮುಂದಿನ ವಾರದಿಂದ ತಾನೇ ಬರುತ್ತೇನೆ ಎಂದು ಅಣ್ಣ ಉತ್ಸಾಹದಿಂದ ಹೇಳಿದ. ಅವಳು ಅವನ ಮಂಡಿಯನ್ನು ಹಿಡಿದು, ಮಡಿಸಿ, ಬಿಡಿಸಿ, ಇನ್ನೂ ಕೆಲ ಕಾಲ ಸೈಕಲ್ಲು ತುಳಿಯದಿದ್ದರೆ ಒಳ್ಳೆಯದು ಎಂದು ಗಂಭೀರವಾಗಿ ಹೇಳಿದಳು. ಅಣ್ಣ ನಂಬಿದ. ಇನ್ನೂ ನೋವಿದೆ ಎಂದೇ ಗೆಳೆಯನಿಗೆ ಹೇಳಿಬಿಡು ಎಂದಳು, ಅದನ್ನೂ ಹೇಳಿದ. ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ ನಲ್ಲಿಯನ್ನು ನಿಲ್ಲಿಸಿ, ಮತ್ತೆ ತಿರುಗಿಸಿದಳು.

ಹೂವಿನ ಕಾಲ ಬಂತು. ಎರಡು ಹೊಳೆಗಳ ನಡುವಿನ ದಿಬ್ಬದ ಓಣಿಗೆ ಹೋಗೋಣ ಎಂದು ಅವಳು ಕೇಳಿದಳು. ಅಣ್ಣ ಯಾವತ್ತೂ ಆ ದಾರಿಯನ್ನು ಏನಾದರೊಂದು ನೆವ ಹೇಳಿ ತಪ್ಪಿಸುತ್ತಿದ್ದ. ಏರು ಜಾಸ್ತಿ, ಜಲ್ಲಿ ಸರಿಯಿಲ್ಲ ಎನ್ನುತ್ತಿದ್ದ. ಡ್ರೈವರ್ ಆ ಕಡೆಗೆ ಎಂದೂ ಹೋದವನಲ್ಲ, ಆಗಲಿ ಎಂದ.

ದಾರಿ ಉದ್ದಕ್ಕೂ ಅವಳೇ ಮಾತಾಡಿದಳು. ಕಾಲೇಜಿನ ಹುಡುಗಿಯಾಗಿದ್ದಾಗ ಆ ಓಣಿಯಲ್ಲಿ ಸೈಕಲ್ ಹೊಡೆದದ್ದು, ಎರಡೂ ಕಡೆ ಆಳೆತ್ತರದ ಮುಳ್ಳುಗಿಡದ ಬೇಲಿ, ಈ ಕಾಲಕ್ಕೆ ಅದರ ಮೈತುಂಬ ಬಿಳಿಯ ಸಣ್ಣ ಹೂ, ಒಳಗೆ ಜೇನುಹುಳುಗಳ ಗುಂಯ್‌ಗಾಟ. ಆ ವರ್ಷ ಅಂಚುಗಳು ಆಗಲೇ ಮಸುಕಾಗಿದ್ದವು, ಆದರೆ ಆ ಬೇಲಿ ಮಾತ್ರ ಪೂರ್ತಿ ಕಂಡಿತ್ತು. ಆಮೇಲೆ ಇಷ್ಟು ಚೆನ್ನಾಗಿ ಏನೂ ಕಾಣಲಿಲ್ಲ ಎಂದಳು. ಇದನ್ನು ಅವಳು ಇನ್ನೊಬ್ಬರಿಗೆ ಹೇಳಿರಲಿಲ್ಲ.

ಏರು ಮುಗಿಯಿತು. ಜಲ್ಲಿ ಸಣ್ಣದಾಯಿತು. ಓಣಿಗೆ ತಿರುಗಿದೆವು ಎಂದು ಅವನು ಹೇಳಿದ.

"ಹೇಳಿ. ಹೂ ಬಿಟ್ಟಿದೆಯಾ?"

ಸೈಕಲ್ಲು ಎಡಕ್ಕೆ ವಾಲಿ ಸರಿಹೋಯಿತು. "ಬಿಟ್ಟಿದೆ," ಎಂದ.

ಹೇಗೆ ಎಂದು ಕೇಳಿದಳು. ಅವನು ಶುರು ಮಾಡಿದ. ಎರಡೂ ಕಡೆ ಹಾಲು ಚೆಲ್ಲಿದ ಹಾಗೆ ಎಂದ. ಮುತ್ತು ಪೋಣಿಸಿದ ಹಾಗೆ ಎಂದ. ಬೆಳ್ಳಿಯ ಮೋಡ ನೆಲಕ್ಕಿಳಿದ ಹಾಗೆ ಎಂದ. ಮಾತು ಸರಾಗವಾಗಿ ಬರುತ್ತಿತ್ತು, ತಡೆಯಿಲ್ಲದೆ, ಯೋಚನೆಯಿಲ್ಲದೆ. ಅವಳು ಮೊದಲು ಹಿಗ್ಗಿದಳು. ಆಮೇಲೆ ಏನೋ ಚುಚ್ಚಿತು. ಈ ಮನುಷ್ಯ ಮುತ್ತು ಬೆಳ್ಳಿ ಎಂದು ಯಾವಾಗ ಮಾತಾಡಿದ್ದ?

ಆಗ ಗಾಳಿ ಬೀಸಿತು. ಎಡಗಡೆಯಿಂದ ಬಂದು, ಎಡಗೆನ್ನೆಗೆ ಬಡಿದು, ಬಲಗಡೆಗೆ ಹಾದು ಹೋಯಿತು. ನಡುವೆ ಏನೂ ಅದನ್ನು ಹಿಡಿಯಲಿಲ್ಲ. ಟಯರಿನ ಸದ್ದು ಹೋದದ್ದು ತಿರುಗಿ ಬರುತ್ತಿರಲಿಲ್ಲ. ಜೇನಿನ ಸದ್ದಿರಲಿಲ್ಲ. ಮೂಗಿಗೆ ಬಂದದ್ದು ಉತ್ತ ಮಣ್ಣಿನ ಹಸಿ ವಾಸನೆ.

ನಿಲ್ಲಿಸಿ ಎಂದಳು. ಅವನು ನಿಲ್ಲಿಸಿದ. ಅವಳು ಇಳಿದು, ಕೈಯನ್ನು ಪಕ್ಕಕ್ಕೆ ಚಾಚಿ ನಡೆದಳು. ಇನ್ನೇನು ಎಲೆ ತಾಗಬೇಕು, ಮುಳ್ಳು ತಾಗಬೇಕು ಎನ್ನುವಲ್ಲಿ ಏನೂ ತಾಗಲಿಲ್ಲ. ಶೂಗೆ ಒಂದು ಮೋಟು ಬೇರು ತಾಗಿತು. ಅವಳು ಕುಕ್ಕರಗಾಲಲ್ಲಿ ಕೂತು ಅದನ್ನು ಬೆರಳಿನಿಂದ ನೋಡಿದಳು. ಯಂತ್ರದ ಹಲ್ಲು ಕಡಿದು ಸೀಳಿದ ಮರ.

"ಬೇಲಿ ಎಲ್ಲಿ?" ಎಂದು ಕೇಳಿದಳು.

"ಇಲ್ಲ. ಎರಡೂ ಕಡೆ ಕಿತ್ತು ಹಾಕಿದಾರೆ. ಹೊಲಗಳನ್ನೆಲ್ಲ ಒಂದು ಮಾಡಿದಾರೆ."

"ನನಗೆ ಯಾವಾಗ ಹೇಳೋಣ ಅಂತಿದ್ರಿ?"

"ಹೇಳೋದೇ ಬೇಡ ಅಂತಿದ್ದೆ."

ಅವಳಿಗೆ ಕೂಗಾಡುವ ಅಭ್ಯಾಸವಿಲ್ಲ. ಕೋಪ ಬಂದರೆ ದನಿ ತಗ್ಗುತ್ತದೆ. "ಬ್ರೇಕ್ ನಿಮ್ಮ ಕೈಲಿದೆ," ಎಂದಳು. "ಹ್ಯಾಂಡಲ್ ನಿಮ್ಮ ಕೈಲಿದೆ. ನನ್ನ ಹತ್ರ ಇರೋದು ನಿಮ್ಮ ಮಾತು ಒಂದೇ. ಅದನ್ನೂ ನಂಬಬಾರದು ಅಂದ್ರೆ ನಾನು ಯಾವುದನ್ನ ಹಿಡ್ಕೊಂಡು ಕೂತ್ಕೊಳ್ಳಲಿ?"

ವಾಪಸು ದಾರಿಯಲ್ಲಿ ಗುಂಡಿ, ತಿರುವು, ಬ್ರೇಕ್, ಇಷ್ಟೇ ಮಾತು. ಒಂದಾದರೂ ತಪ್ಪಲಿಲ್ಲ. ಮನೆ ಬಂದ ಮೇಲೆ ಅವಳು ಸೈಕಲ್ಲನ್ನು ತಾನೇ ಶೆಡ್ಡಿಗೆ ತಳ್ಳಿಕೊಂಡು ಹೋದಳು. ಮುಂದಿನ ವಾರ ಬರಬೇಕಾಗಿಲ್ಲ ಎಂದಳು.

ಆ ಸಂಜೆಯೇ ಅಣ್ಣನನ್ನು ಕೇಳಿದಳು. ಅವನಿಗೆ ಗೊತ್ತಿತ್ತು. ಬೇಲಿ ಕಿತ್ತು ವರ್ಷಗಳೇ ಆಗಿದ್ದವಂತೆ. ನಿನಗೆ ಬೇಜಾರಾಗಬಾರದು ಅಂತ ಎಂದು ಅವನು ತೊದಲಿದ. ಅವಳಿಗೆ ಹಳೆಯ ನಾಯಿಯಿಂದ ಹಿಡಿದು ಎಲ್ಲವೂ ಒಟ್ಟಿಗೆ ನೆನಪಾಯಿತು. ಕಾಯುವವರೇ ಹೀಗೆ ಮಾಡಿದರೆ, ಬೇಲಿಯೇ ಎದ್ದು ಹೊಲ ಮೇಯ್ದರೆ, ಯಾರಿಗೆ ದೂರು ಕೊಡುವುದು ಎಂದುಕೊಂಡಳು.

ಎಷ್ಟೋ ಭಾನುವಾರ ಸೈಕಲ್ಲು ಶೆಡ್ಡಿನಲ್ಲೇ ನಿಂತಿತು. ಕ್ಲಿನಿಕ್ಕಿಗೆ ಹೋಗಲು ಅವಳು ಅವನು ಓಡಿಸುವ ಬಸ್ಸು ಬಿಟ್ಟು, ಸುತ್ತು ದಾರಿಯ ಇನ್ನೊಂದು ಬಸ್ಸು ಹಿಡಿದಳು. ಮೊದಮೊದಲು ಕೋಪ ಕಾವಲಿತ್ತು. ಅದು ಇಳಿಯುತ್ತ ಬಂದ ಮೇಲೆ ಬೆಳಗುಗಳು ಬಹಳ ಉದ್ದವೆನ್ನಿಸಿದವು. ಮೋಡ ಕವಿದ ದಿನ ಕಿಟಕಿಯ ಬಳಿ ನಿಂತಾಗ, ಇದು ಎಂಥ ಮೋಡ ಎಂದು ಕೇಳಲು ಯಾರೂ ಇರಲಿಲ್ಲ. ಅಣ್ಣನನ್ನು ಕೇಳಿದರೆ, ಚೆನ್ನಾಗಿದೆ ಎನ್ನುವನು.

ಬಟ್ಟೆ ಮಡಿಸುವಾಗ ಒಂದು ದಿನ ಅತ್ತಿಗೆ ತಾನಾಗಿಯೇ ವಿಷಯ ತೆಗೆದಳು. ಆ ಮನುಷ್ಯ ಸುಳ್ಳು ಹೇಳಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ ಎಂದಳು. ಆಮೇಲೆ ಒಂದು ದಿಂಬಿನ ಕವರನ್ನು ಕೊಡವಿ ಕೇಳಿದಳು.

"ನಿಮ್ಮಣ್ಣನ ಮಂಡಿ ಈಗ ಹೇಗಿದೆ?"

ಅವಳು ಒಂದು ಟವೆಲನ್ನು ಎತ್ತಿಕೊಂಡು ಮಡಿಸತೊಡಗಿದಳು.

"ಮೊನ್ನೆ ಏಣಿ ಹತ್ತಿ ಬಲ್ಬ್ ಹಾಕಿದ್ರು. ಬಸ್ ಹಿಡಿಯೋಕೆ ಓಡ್ತಾರೆ. ಆ ಡ್ರೈವರ್‌ಗೆ ಮಾತ್ರ ಇನ್ನೂ ನೋವಿದೆ ಅಂತ ಹೇಳಿಸಿದ್ದು ಯಾರು? ಅವರು ಇಲ್ಲದ ಬೇಲಿ ಇದೆ ಅಂದ್ರು, ನೀನು ಇಲ್ಲದ ನೋವಿದೆ ಅಂದೆ. ತಾ ಕಳ್ಳಿ ಪರರ ನಂಬಳು ಅಂತಾರಲ್ಲ, ಹಾಗಾಯ್ತು."

"ಅದೂ ಇದೂ ಒಂದೇನಾ ಅತ್ತಿಗೆ?"

"ಒಂದೇ ಅಲ್ಲ. ಅವರದ್ದು ನಿನಗೋಸ್ಕರ. ನಿನ್ನದು ನಿನಗೋಸ್ಕರ."

ಅತ್ತಿಗೆ ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾದಿನಿಯ ಮುಖ ಮಾತ್ರ ಬಹಳ ಹೊತ್ತು ಬಿಸಿಯಾಗಿಯೇ ಇತ್ತು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿಗೆ ಬೀಗ ಹಾಕಿ ಅವಳು ಅವನ ಬಸ್ಸು ಹತ್ತಿದಳು. ಬಾಗಿಲು ತೆರೆದದ್ದು ಎಂದಿಗಿಂತ ಒಂದು ಉಸಿರಿನಷ್ಟು ಹೆಚ್ಚು ಹೊತ್ತು ತೆರೆದೇ ಇತ್ತು. ಅವಳು ಮುಂದಿನ ಸೀಟಿನಲ್ಲಿ ಕೂತಳು. ಚಾಲಕರೊಂದಿಗೆ ಮಾತಾಡಬಾರದು ಎಂಬ ಬೋರ್ಡು ಅಲ್ಲಿರುತ್ತದೆಂದು ಅವಳಿಗೆ ಗೊತ್ತು; ಇಬ್ಬರೂ ಅದನ್ನು ಪಾಲಿಸಿದರು. ಅವಳ ನಿಲ್ದಾಣ ಬಂತು, ಹೋಯಿತು. ಜನ ಇಳಿಯುತ್ತ ಇಳಿಯುತ್ತ ಬಸ್ಸು ಹಗುರಾಯಿತು. ಕೊನೆಯ ನಿಲ್ದಾಣದಲ್ಲಿ ಎಂಜಿನ್ ನಿಂತ ಮೇಲೆ ಬಿಸಿ ಲೋಹ ಟಿಕ್ ಟಿಕ್ ಎಂದು ಆರುವ ಸದ್ದು ಬಿಟ್ಟರೆ ಏನೂ ಉಳಿಯಲಿಲ್ಲ.

ಅವನು ಎದ್ದು ಬಂದು ಎದುರಿನ ಸೀಟಿನಲ್ಲಿ ಕೂತ. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಸುರಿದು ಅವಳ ಕೈಗೆ ಕೊಟ್ಟ. ಮೊದಲು ಬಿಸಿಯಿದೆ ಎಂದ, ಆಮೇಲೆ ಸಕ್ಕರೆ ಕಮ್ಮಿ ಎಂದ.

ಅವಳು ಕೇಳುವ ಮುಂಚೆ ಅವನೇ ಹೇಳಿದ. ಪ್ರತಿ ಭಾನುವಾರ ತಾನು ಆ ಓಣಿಗೆ ಹೋಗುತ್ತಿರುವುದಾಗಿ, ಒಬ್ಬನೇ, ತನ್ನ ಸೈಕಲ್ಲಿನಲ್ಲಿ. ಯಾಕೆ ಎಂದಳು. ಅವತ್ತು ಅಲ್ಲಿ ಏನಿತ್ತು ಎಂದು ತಾನು ನೋಡಿಯೇ ಇರಲಿಲ್ಲ, ಏನಿರಲಿಲ್ಲ ಎಂದು ಮಾತ್ರ ನೋಡಿದ್ದೆ ಎಂದ. ಸುಳ್ಳು ಹೇಳುವುದರಲ್ಲೇ ಮುಳುಗಿದ್ದೆ. ಈಗ ಹೋಗಿ ಸರಿಯಾಗಿ ನೋಡಿಕೊಂಡು ಬಂದಿದ್ದೇನೆ ಎಂದ.

"ಹಾಗಾದ್ರೆ ಈ ಭಾನುವಾರ ನನ್ನನ್ನ ಕರ್ಕೊಂಡು ಹೋಗಿ," ಎಂದಳು. "ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

"ಅಳು ಬಂದ್ರೆ?"

"ಬಂದ್ರೆ ಅಳ್ತೀನಿ. ಅದು ನನ್ನ ಕೆಲಸ. ನಿಮ್ಮದಲ್ಲ."

ಭಾನುವಾರ ಹೊರಟರು. ಮೊದಲ ಏರಿನಲ್ಲೇ ಇಬ್ಬರ ಕಾಲುಗಳೂ ಹಳೆಯ ಲಯಕ್ಕೆ ಕೂಡಿಕೊಂಡವು. ಮನಸ್ಸುಗಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಓಣಿಗೆ ತಿರುಗಿದ ಮೇಲೆ ಅವನು ಸೈಕಲ್ಲು ನಿಲ್ಲಿಸಿ, ಇಳಿದು, ತನ್ನ ಮೊಣಕೈಯನ್ನು ಅವಳಿಗೆ ಕೊಟ್ಟ. ಹೇಳತೊಡಗಿದ.

ಓಣಿ ಎಂಬುದು ಈಗ ಇಲ್ಲ, ಬಯಲ ನಡುವೆ ಜಲ್ಲಿಯ ಒಂದು ಗೆರೆ ಇದೆ ಎಂದ. ಎರಡೂ ಕಡೆ ಬೇಲಿ ಇದ್ದ ಜಾಗದಲ್ಲಿ ಮೋಟುಗಳು, ಹಲ್ಲು ಕಿತ್ತ ವಸಡಿನ ಹಾಗೆ. ಮಣ್ಣು ಬ್ರೇಕಿನ ತುಕ್ಕಿನ ಬಣ್ಣ. ಹೂವಿಲ್ಲ, ಹಕ್ಕಿಯಿಲ್ಲ. ನೋಡಲು ಚೆನ್ನಾಗಿಲ್ಲ ಎಂದ. ಇಲ್ಲಿಂದ ಒಂದಷ್ಟು ದೂರ ಎಡಗಡೆ ಮೋಟುಗಳಲ್ಲಿ ಚಿಗುರು ಒಡೆದಿದೆ, ಆದರೆ ಟ್ರ್ಯಾಕ್ಟರ್ ಇನ್ನೊಂದು ಸಲ ಬಂದರೆ ಅದೂ ಉಳಿಯಲಿಕ್ಕಿಲ್ಲ ಎಂದ.

ಅವಳಿಗೆ ಅಳು ಬಂತು. ಜೋರಾಗಿಯಲ್ಲ. ಮೊಣಕೈ ಹಿಡಿದೇ ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಬೇರೆ ಮಾತು ತೆಗೆಯಲಿಲ್ಲ. ಅವಳ ಅಳು ಮುಗಿಯುವವರೆಗೆ ಪಕ್ಕದಲ್ಲಿ ನಿಂತ. ಇಷ್ಟು ವರ್ಷಗಳಲ್ಲಿ ಯಾರೂ ಅವಳಿಗೆ ಹೀಗೆ ಅಳಲು ಜಾಗ ಬಿಟ್ಟಿರಲಿಲ್ಲ.

"ಇನ್ನೊಂದು ಇದೆ," ಎಂದ ಕೊನೆಗೆ. "ಸಮಾಧಾನಕ್ಕೆ ಹೇಳ್ತಾ ಇಲ್ಲ, ಇರೋದಕ್ಕೆ ಹೇಳ್ತಾ ಇದೀನಿ. ಬೇಲಿ ಇದ್ದಾಗ ಇಲ್ಲಿಂದ ಹೊಳೆ ಕಾಣ್ತಿರ್ಲಿಲ್ಲ ಅಲ್ವಾ?"

ಕಾಣುತ್ತಿರಲಿಲ್ಲ. ಅವಳ ನೆನಪಿನಲ್ಲಿ ಈ ದಿಬ್ಬದ ಮೇಲೆ ಹೊಳೆಗಳೇ ಇರಲಿಲ್ಲ; ಇದ್ದದ್ದು ಬಿಳಿಯ ಎರಡು ಗೋಡೆ, ಮೇಲೆ ಒಂದು ಪಟ್ಟಿ ಆಕಾಶ.

ಈಗ ಎರಡೂ ಕಾಣುತ್ತವೆ ಎಂದ. ಎಡಗಡೆಯದು ಕೆಸರು ಬಣ್ಣ, ನಿಧಾನ, ಜನ ತುಂಬಿದ ಬಸ್ಸಿನ ಹಾಗೆ. ಬಲಗಡೆಯದು ತೆಳ್ಳಗೆ, ತಿಳಿಯಾಗಿ, ಅವಸರದಲ್ಲಿದೆ. ಕೆಳಗೆ ಕೂಡುತ್ತವೆ. ಕೂಡಿದ ಮೇಲೂ ಬಹಳ ದೂರ ಎರಡು ಬಣ್ಣ ಬೇರೆಬೇರೆಯಾಗಿಯೇ ಹೋಗುತ್ತವೆ, ಒಂದೇ ಜೋಡಿ ದಂಡೆಗಳ ನಡುವೆ. ಎಲ್ಲಿ ಒಂದಾಗುತ್ತವೆ ಎಂದು ಬಹಳ ಹೊತ್ತು ನೋಡಿದೆ, ಗೊತ್ತಾಗಲಿಲ್ಲ ಎಂದ.

ಅವಳು ಕಿವಿಗೊಟ್ಟಳು. ಗಾಳಿಯ ಅಡಿಯಲ್ಲಿ, ಬಹಳ ಕೆಳಗೆ, ನೀರಿನ ಸದ್ದು ಇತ್ತು. ಹೂವಿನ ಬೇಲಿ ಇದ್ದ ಕಾಲದಲ್ಲಿ ಅದನ್ನು ಅವಳು ಎಂದೂ ಕೇಳಿರಲಿಲ್ಲ.

"ಅವತ್ತು ಯಾಕೆ ಸುಳ್ಳು ಹೇಳಿದ್ರಿ?"

"ತಿರುಗಿ ನಿಮ್ಮ ಮುಖ ನೋಡಿದೆ," ಎಂದ. "ನೋಡಬಾರದಿತ್ತು. ಅಷ್ಟು ಆಸೆಯಿಂದ ಕಾಯ್ತಾ ಇದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಸೈಕಲ್ಲು ಎಡಕ್ಕೆ ವಾಲುವುದು ಅದಕ್ಕೇನಾ ಎಂದು ಅವಳು ಕೇಳಿದಳು. ಅದಕ್ಕೇ ಎಂದು ಅವನು ಒಪ್ಪಿಕೊಂಡ. ದಿನಕ್ಕೆ ಎಷ್ಟು ಸಲ ನೋಡುತ್ತೀರಿ ಎಂದಳು. ದಾರಿ ನೇರ ಇದ್ದಷ್ಟೂ ಸಲ ಎಂದ.

ಈಗ ಸುಮ್ಮನಿದ್ದರೆ ತನಗೆ ಮರ್ಯಾದೆಯಲ್ಲ ಎಂದು ಅವಳಿಗೆ ಅನ್ನಿಸಿತು. ಅಣ್ಣನ ಮಂಡಿ ಎಂದೋ ವಾಸಿಯಾಗಿದೆ ಎಂದಳು. ತಾನೇ ಅವನನ್ನು ಬೇಡವೆಂದು ತಡೆದದ್ದು, ನೋವಿದೆ ಎಂದು ಅವನಿಂದಲೇ ಹೇಳಿಸಿದ್ದು, ಎಲ್ಲವನ್ನೂ ಹೇಳಿದಳು. ನಿಮಗೆ ಅಷ್ಟು ದೊಡ್ಡ ಮಾತು ಹೇಳಿ, ನನ್ನ ಸೆರಗಿನಲ್ಲೂ ಸುಳ್ಳು ಕಟ್ಟಿಕೊಂಡಿದ್ದೆ ಎಂದಳು.

ಅವಳು ಹಿಡಿದಿದ್ದ ಮೊಣಕೈ ಅಲುಗಾಡತೊಡಗಿತು, ಅವನು ನಗುತ್ತಿದ್ದ. ತನಗೆ ಗೊತ್ತಿತ್ತು ಎಂದ. ಅಣ್ಣ ತನ್ನ ಬಸ್ಸಿನ ಹಿಂದೆ ಓಡಿ ಬಂದು ಹತ್ತಿದ್ದನ್ನು ಕನ್ನಡಿಯಲ್ಲಿ ನೋಡಿದ್ದೆ, ಒಳ್ಳೇ ಓಟ ಎಂದ.

"ಗೊತ್ತಿದ್ದೂ ಕೇಳಲಿಲ್ಲ?"

"ಕೇಳಿದ್ರೆ ಭಾನುವಾರ ಹೋಗ್ಬಿಡತ್ತೆ ಅಂತ ಹೆದರಿಕೆ."

ಇಬ್ಬರೂ ನಕ್ಕರು. ನಗು ಆರಿದ ಮೇಲೆ ಗಾಳಿ ಇಬ್ಬರ ನಡುವೆ ಸುಳಿಯುವಷ್ಟೂ ಜಾಗ ಉಳಿದಿರಲಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಅವನ ಉಸಿರು ಅವಳ ಹಣೆಯ ಹತ್ತಿರವೇ ಇತ್ತು.

ನನ್ನ ಮುಖ ಮುಟ್ಟಿ ನೋಡುತ್ತೀರಾ, ಸಿನಿಮಾಗಳಲ್ಲಿ ಹಾಗೆ ಮಾಡುತ್ತಾರಲ್ಲ ಎಂದು ಅವನು ಸಂಕೋಚದಿಂದ ಕೇಳಿದ. ಮುಟ್ಟಿ ನೋಡಿದರೆ ಮೂಗು ಎಲ್ಲಿದೆ ಎಂದು ಗೊತ್ತಾಗುತ್ತದೆ ಅಷ್ಟೇ, ಅದು ಎಲ್ಲರಿಗೂ ಒಂದೇ ಜಾಗದಲ್ಲಿರುತ್ತದೆ ಎಂದಳು ಅವಳು. ಕೈ ಕೊಡಿ ಎಂದಳು.

ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ದಿನಕ್ಕೆ ಎಷ್ಟೋ ಕೈಗಳನ್ನು ಹಿಡಿಯುವವಳು. ಆದರೆ ಈ ಅಂಗೈಯಲ್ಲಿ ಯಾವ ನರ ಎಲ್ಲಿದೆ, ಯಾವ ಗಂಟು ಗಟ್ಟಿಯಾಗಿದೆ ಎಂದು ಹುಡುಕಲೇ ಇಲ್ಲ. ಸ್ಟಿಯರಿಂಗ್ ಹಿಡಿದು ಒರಟಾದ ಕೈ. ಸ್ವಲ್ಪ ಬೆವರಿತ್ತು.

"ಒಂದು ಮಾತು ಹೇಳಬೇಕು," ಎಂದ. "ಚೆನ್ನಾಗಿ ಹೇಳೋಕೆ ಬರಲ್ಲ."

"ಚೆನ್ನಾಗಿ ಬೇಡ. ಹಾಲು, ಮುತ್ತು, ಬೆಳ್ಳಿ ಯಾವುದೂ ಬೇಡ."

"ನಿನ್ನನ್ನ ಬಿಟ್ಟು ಒಬ್ಬನೇ ಸೈಕಲ್ ಹೊಡೆಯೋದು ಈಗ ಆಗ್ತಾ ಇಲ್ಲ," ಎಂದ. "ಏನು ಕಂಡ್ರೂ ಯಾರಿಗೆ ಹೇಳಲಿ ಅನ್ಸತ್ತೆ. ಸೈಕಲ್ ಅಷ್ಟೇ ಅಲ್ಲ. ಬಸ್ಸಲ್ಲೂ. ಮನೇಲೂ. ಅಷ್ಟೇ."

ಈ ಸಲ ಅವನು ಬಹುವಚನಕ್ಕೆ ಮರಳಲಿಲ್ಲ. ಅವಳು ಕಾದು ನೋಡಿದಳು, ಮರಳಲಿಲ್ಲ.

"ನನಗೂ ನೀನು ಬೇಕು," ಎಂದಳು ಅವಳು. "ಮುಂದಿನ ಸೀಟಿಗೆ ಮಾತ್ರ ಅಲ್ಲ."

ಹೊಳೆಗಳು ಕೂಡುವ ಜಾಗಕ್ಕೆ ಇಲ್ಲಿಂದ ದಾರಿ ಇದೆಯಾ ಎಂದು ಆಮೇಲೆ ಕೇಳಿದಳು. ಇದೆ ಎಂದ. ಕೆಟ್ಟ ಇಳಿಜಾರು. ಜಲ್ಲಿ ಸಡಿಲ, ನಡುವೆ ಒಂದು ಕೊರಕಲು, ಕೊನೆಯಲ್ಲಿ ಚೂಪು ತಿರುವು. ನಾನು ಅದರಲ್ಲಿ ಇನ್ನೂ ಇಳಿದಿಲ್ಲ ಎಂದ.

ಸೈಕಲ್ಲು ಹತ್ತಿದರು. ಅವನು ಒಂದು ಕಾಲನ್ನು ನೆಲಕ್ಕೂರಿ ನಿಂತ. ಅವಳು ಪೆಡಲ್ ಮೇಲೆ ಎರಡೂ ಪಾದ ಇಟ್ಟಳು. ಕೆಳಗಿನಿಂದ ನೀರಿನ ಸದ್ದು ಈಗ ಸ್ಪಷ್ಟವಾಗಿ ಬರುತ್ತಿತ್ತು.

"ಹೆದರಿಕೆ ಆಗ್ತಾ ಇದೆಯಾ?" ಎಂದು ಕೇಳಿದಳು.

ಅವನು ಸ್ವಲ್ಪ ಯೋಚಿಸಿದ. "ಆಗ್ತಾ ಇದೆ," ಎಂದ.

"ನನಗೂ," ಎಂದಳು.

ಅವನು ನೆಲದಿಂದ ಕಾಲೆತ್ತಿದ.